ಅಡುಗೆಮನೆಯ ನೆಲದಡಿಯ ನೀರು

ಅಡಿಲೇಡಿನ ನಮ್ಮ ಬೀದಿ ಇರುವುದು ಎರೆಮಣ್ಣಿನ ಮೇಲೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಚಳಿಗಾಲದ ಮಳೆಗೆ ಉಬ್ಬುತ್ತದೆ, ಮನೆಗಳೂ ಅದರ ಜೊತೆ ಏರಿಳಿಯುತ್ತವೆ. ಗೋಡೆ ಸೀಳಿತೆಂದರೆ ಇಲ್ಲಿ ಮೊದಲ ಅಪರಾಧಿ ಹತ್ತಿರದ ಮರ. ಬೇರು ಪಸೆಯನ್ನೆಲ್ಲ ಹೀರಿತು, ಮಣ್ಣು ಕುಗ್ಗಿತು, ಪಾಯ ಕುಸಿಯಿತು ಎಂದು ಯಾರಾದರೂ ಅನ್ನುತ್ತಾರೆ. ಮತ್ತೆ ಗರಗಸದ ಸದ್ದು ಕೇಳುತ್ತದೆ.

ವರ್ನಾ ಪ್ಯಾಸ್ಕೊ ನನ್ನ ಬೇಲಿಯಾಚೆಯ ಮನೆಯವಳು. ಶಾಲೆಯ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತಳಾದವಳು, ಮಾತು ಕಡಿಮೆ. ಗಂಡ ಲೈಲ್ ಕಾರಿನ ಕಾರ್ಖಾನೆಯಲ್ಲಿದ್ದ. ಮದುವೆಯಾದ ಹೊಸತರಲ್ಲಿ, ರಜೆಯ ದಿನಗಳಲ್ಲಿ ಗೆಳೆಯರಿಗೆ ಬಿಯರ್ ಕುಡಿಸಿ ಜೊತೆಗೆ ಹಾಕಿಕೊಂಡು, ಆ ಮನೆಯನ್ನು ತಾನೇ ಕಟ್ಟಿದ. ನೆಲಕ್ಕೆ ಕಾಂಕ್ರೀಟು ಸುರಿಯುವ ಮೊದಲು ನೀರಿನ ತಾಮ್ರದ ಕೊಳವೆಗಳನ್ನು ಬೆಸೆದದ್ದೂ ಅವನೇ. ಯಾರು ಬಂದರೂ ಬೂಟುಗಾಲಿನಿಂದ ನೆಲ ತಟ್ಟಿ ತೋರಿಸುತ್ತಿದ್ದ.

ವರ್ನಾಳಿಗೆ ತನ್ನದೆಂದು ಇದ್ದದ್ದು ಅಡುಗೆಮನೆಯ ಕಿಟಕಿಯಾಚೆಯ ಏಪ್ರಿಕಾಟ್ ಮರ. ಅವಳ ತಾಯಿ ಕೊಟ್ಟ ಸಸಿ ಅದು. ಬೀದಿಯ ಗಿಡಗಳೆಲ್ಲ ಸೊರಗುವ ಸೆಖೆಯಲ್ಲೂ ಅದರ ಎಲೆ ಮುದುಡುತ್ತಿರಲಿಲ್ಲ. ನಡುಬೇಸಿಗೆಯ ಕ್ರಿಸ್‌ಮಸ್ ಹೊತ್ತಿಗೆ ಕೊಂಬೆ ಬಾಗುವಷ್ಟು ಹಣ್ಣು. ಅವಳು ಕಾಸಿದ ಜಾಮು ಎಲ್ಲರ ಮನೆಯಲ್ಲೂ ಇರುತ್ತಿತ್ತು. ನಿನ್ನ ಕೈಗುಣ ಎಂದು ಯಾರಾದರೂ ಹೊಗಳಿದರೆ ಅಂಗೈ ನೋಡಿಕೊಂಡು ನಗುತ್ತಿದ್ದಳು. ಅವಳು ಹೆಮ್ಮೆಪಟ್ಟದ್ದನ್ನು ನಾನು ಕಂಡದ್ದು ಅದೊಂದು ವಿಷಯದಲ್ಲಿ ಮಾತ್ರ.

ಒಲೆಯ ಮೇಲಿನ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿದಾಗ ಲೈಲ್ ಕಿಟಕಿಯಾಚೆ ಕೈ ತೋರಿಸಿದ.

“ನಿನ್ನ ಮರ ನನ್ನ ಮನೆ ತಿಂತಾ ಇದೆ.”

ಅಂದಿನಿಂದ ಅದು ಅವನ ನಿತ್ಯದ ಮಾತಾಯಿತು. ನೀರಿನ ಬಿಲ್ಲು ಏರಿದರೆ, ಇವಳ ಮರಕ್ಕೆ ನನಗಿಂತ ಹೆಚ್ಚಿನ ಕುಡಿತದ ಚಟ ಎಂದು ನೆಂಟರೆದುರು ನಗಿಸುತ್ತಿದ್ದ. ವರ್ನಾ ನಲ್ಲಿಯ ನೀರು ನಿಲ್ಲಿಸಿ ಪಾತ್ರೆ ತೊಳೆದ ನೀರನ್ನಷ್ಟೇ ಬುಡಕ್ಕೆ ಹಾಕತೊಡಗಿದಳು. ಬಿಲ್ಲು ಇಳಿಯಲಿಲ್ಲ, ಬಿರುಕೂ ನಿಲ್ಲಲಿಲ್ಲ. ಒಂದು ಭಾನುವಾರ ಅವಳು ಚರ್ಚಿನಿಂದ ಬರುವಷ್ಟರಲ್ಲಿ ಮರ ನೆಲದ ಮೇಲಿತ್ತು. ಟೋಪಿ ಕೂಡ ತೆಗೆಯದೆ ಅವಳು ಗರಗಸದ ಹೊಟ್ಟು ಗುಡಿಸಿದಳು.

ಮರ ಹೋದ ಮೇಲೆ ಬಿರುಕು ಮುಚ್ಚಿಕೊಳ್ಳಬೇಕಿತ್ತು. ಬದಲಿಗೆ ಅಡುಗೆಮನೆಯ ನೆಲವೇ ಬೆನ್ನು ಎತ್ತಿತು. ಟೈಲು ಸಿಡಿದವು, ಉಗ್ರಾಣದ ಬಾಗಿಲು ಮುಚ್ಚದಾಯಿತು. ಲೈಲ್ ಬಾಗಿಲಿನ ಅಂಚು ಹೆರೆದ, ಪುಟ್ಟಿ ಮೆತ್ತಿದ. ಸತ್ತ ಬೇರು ಸೇಡು ತೀರಿಸಿಕೊಳ್ಳುತ್ತಿದೆ ಎಂದು ಬುಡವನ್ನೂ ಅಗೆದು ಎಸೆದ. ಕೊನೆಗೆ ವಿಮೆಯವರು, ಮೊದಲು ನೆಲದಡಿ ನೀರು ಸೋರುತ್ತಿದೆಯೇ ನೋಡಿಸಿ ಎಂದರು.

ಸೋರಿಕೆ ಹುಡುಕುವವನು ಬರುವ ದಿನ ವರ್ನಾ ಬೇಲಿಯ ಬಳಿ ಬಂದು ನನ್ನನ್ನೂ ಕರೆದಳು.

“ತಪ್ಪು ಮರದ್ದಲ್ಲ ಅಂತ ಲೈಲ್ ಬಾಯಲ್ಲಿ ಒಂದ್ಸಲ ಕೇಳ್ಬೇಕು ನಾನು. ನೀನೂ ಇರು. ಆಮೇಲೆ ಮನೆ ಬಿದ್ರೆ ಬೀಳ್ಲಿ.”

ಬಂದವನು ಟಾಸೊ ಎಂಬ ಗ್ರೀಕ್ ಮನೆತನದವನು. ನಲ್ಲಿಗಳನ್ನೆಲ್ಲ ಮುಚ್ಚಿಸಿ ಮೀಟರ್ ನೋಡಿದ. ಮುಳ್ಳು ಮೆಲ್ಲಗೆ ತೆವಳುತ್ತಲೇ ಇತ್ತು. ಫ್ರಿಜ್ ಆರಿಸಿದ, ಗೋಡೆಯ ಗಡಿಯಾರ ಕೆಳಗಿಳಿಸಿ ಹೊರಗಿಟ್ಟ, ಯಾರೂ ಮಾತಾಡಬಾರದು ಎಂದ. ಆ ಮನೆಯಲ್ಲಿ ಅದು ಕಷ್ಟದ ಕೆಲಸವಾಗಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸದ್ದು ಹಿಡಿಯುವ ಬಿಲ್ಲೆಯನ್ನು ಟೈಲಿನಿಂದ ಟೈಲಿಗೆ ಇಡುತ್ತ ಸಾಗಿ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ಮೊಣಕಾಲೂರಿ ನಿಂತುಬಿಟ್ಟ. ಹೆಡ್‌ಫೋನ್ ಬಿಚ್ಚಿ ವರ್ನಾಳಿಗೆ ಕೊಟ್ಟ. ಹಲ್ಲು ಕಚ್ಚಿಕೊಂಡು ಯಾರೋ ಉಸಿರು ಬಿಟ್ಟ ಹಾಗಿತ್ತು ಎಂದು ಅವಳು ಆಮೇಲೆ ನನಗೆ ಹೇಳಿದಳು.

ನಾನು ಬೆಸೆದ ಕೊಳವೆ ಸೋರುವುದಿಲ್ಲ ಎಂದು ಲೈಲ್ ಗೊಣಗಿದ. ಟಾಸೊ ಕಾಂಕ್ರೀಟು ಒಡೆದ. ಕೆಳಗೆ ಮುದ್ದೆಯಾದ ಕಪ್ಪು ಮಣ್ಣು, ಹಸಿರು ಕಿಲುಬು ಹಿಡಿದ ಬೆಸುಗೆ, ಅದರ ಬಾಯಲ್ಲಿ ಸೂಜಿಯಂಥ ನೀರು. ಆ ಬೆಸುಗೆಯನ್ನು ಬಲೆಯಂತೆ ಸುತ್ತಿಕೊಂಡು ಸತ್ತ ಎಳೆ ಬೇರುಗಳಿದ್ದವು.

“ಕಿಟಕಿ ಹತ್ರ ಮರ ಇತ್ತಾ?” ಎಂದ ಟಾಸೊ. “ಈ ನೀರನ್ನ ಇಷ್ಟು ವರ್ಷ ಕುಡಿದು ಮನೆ ಉಳಿಸಿದ್ದೇ ಅದು. ಕಡಿದ್ಮೇಲೆ ನೀರೆಲ್ಲ ಇಲ್ಲೇ ನಿಂತು ಮಣ್ಣು ಉಬ್ಬಿದೆ.”

ವರ್ನಾ ಗಂಡನ ಮುಖವನ್ನೇ ನೋಡುತ್ತ ನಿಂತಳು. ಲೈಲ್ ಗುಂಡಿಗೆ ಬಗ್ಗಿ ಆ ಬೇರುಗಳನ್ನು ಬೆರಳಿನಿಂದ ಎಳೆದು ನೋಡಿದ. ಆಮೇಲೆ ಅವನ ತುಟಿಯ ಮೂಲೆ ಅರಳಿತು.

“ಎಲ್ರೂ ನಿನ್ನ ಕೈಗುಣ, ನಿನ್ನ ಕೈಗುಣ ಅಂತಿದ್ರಲ್ಲೇ. ಮರಕ್ಕೆ ನೀರು ಹಾಕ್ದೋನು ನಾನು.”

ಟಾಸೊ ತಲೆ ತಗ್ಗಿಸಿ ಸಲಕರಣೆ ಒರೆಸತೊಡಗಿದ. ವರ್ನಾ ಉಗ್ರಾಣದಲ್ಲಿ ಉಳಿಸಿಟ್ಟಿದ್ದ ಕೊನೆಯ ಜಾಮಿನ ಬಾಟಲಿ ತಂದು ಅವನ ಪೆಟ್ಟಿಗೆಯೊಳಗಿಟ್ಟಳು. ನನ್ನನ್ನು ಕಳಿಸಲು ಗೇಟಿನವರೆಗೆ ಬಂದಾಗ ಅಂಗೈಯನ್ನು ಲಂಗಕ್ಕೆ ಉಜ್ಜುತ್ತಿದ್ದಳು.

“ಅವನಂದದ್ದು ಸುಳ್ಳಲ್ಲ ನೋಡು,” ಎಂದಳು.

ಈಗಲೂ ಯಾರಾದರೂ ಬಂದರೆ ಲೈಲ್ ತೇಪೆ ಹಾಕಿದ ಜಾಗವನ್ನು ಬೂಟುಗಾಲಿನಿಂದ ತಟ್ಟಿ ಆ ಕತೆ ಹೇಳಿ ನಗಿಸುತ್ತಾನೆ. ವರ್ನಾ ಅಂಗಡಿಯ ಜಾಮು ಹಚ್ಚಿದ ಬ್ರೆಡ್ಡು ಮೇಜಿನ ಮೇಲಿಟ್ಟು, ಮರವಿದ್ದ ಕಡೆ ಹೋಗಿ ನಿಲ್ಲುತ್ತಾಳೆ.