ಚಿಪ್ ಮೇಲಿದ್ದ ಹೆಸರು

ಮೊನ್ನೆ ಶಿರಾ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ನಿಂತಿದ್ದೆ. ಒಳಗೆ ಯಾರೋ ಬೆಸುಗೆ ಹಾಕುತ್ತಿದ್ದರು. ಕಾದ ರಾಳದ ಹೊಗೆ ಮೂಗಿಗೆ ಬಡಿದದ್ದೇ ತಡ, ಮೇಷ್ಟ್ರು ನೆನಪಾದರು. ಮೊಬೈಲನ್ನು ಅಲ್ಲೇ ಬಿಟ್ಟು ಹೊರಗೆ ಬಂದುಬಿಟ್ಟೆ...

ಅವರು ನನಗೆ ಪಾಠ ಹೇಳಿದವರೇನಲ್ಲ. ಮಧುಗಿರಿಯಲ್ಲಿ ರೇಡಿಯೊ, ಮೋಟಾರು ಎಂದು ಹುಡುಗರಿಗೆ ಕಲಿಸಿಕೊಂಡಿದ್ದವರು, ಎಂಬತ್ತರ ದಶಕದ ನಡುವಿನಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಶಿರಾಕ್ಕೆ ಬಂದು ಎಲೆಕ್ಟ್ರಾನಿಕ್ ತಕ್ಕಡಿ ಮಾಡಲು ಕೂತರು. ತಲೆ ಕೆಟ್ಟಿದೆ ಎಂದವರೇ ಹೆಚ್ಚು. ಬೆಸುಗೆ ಹಾಕಲು ನಾವು ಮೂವರು ಹೆಂಗಸರಿದ್ದೆವು. ನಾನು ಪಟ್ಟನಾಯಕನಹಳ್ಳಿ ಕಡೆಯ ಕುರಿ ಸಾಕುವ ಮನೆಯವಳು. ಉಣ್ಣೆ ತೂಗುವಾಗ ವ್ಯಾಪಾರಿಯ ಹೆಬ್ಬೆರಳು ತಕ್ಕಡಿಯ ಮೇಲೆ ಹೇಗೆ ಮೆಲ್ಲಗೆ ಕೂರುತ್ತದೆಂದು ಚೆನ್ನಾಗಿ ಬಲ್ಲವಳು. ಅದಕ್ಕೇ ಕಂಬಳಿ ನೇಯುವವರ ಸಂಘದವರು ಹತ್ತು ತಕ್ಕಡಿ ಕೇಳಿದಾಗ ಮೇಷ್ಟ್ರಿಗಿಂತ ನಾನೇ ಹೆಚ್ಚು ಕುಣಿದೆ. ಅದೊಂದು ಕೈತಪ್ಪಿದರೆ ಅಂಗಡಿ ಮುಚ್ಚುವುದೇ ಗತಿ ಎಂದು ಅವರು ಮೊದಲೇ ಹೇಳಿದ್ದರು.

ತಕ್ಕಡಿಯ ಜೀವವೆಲ್ಲ ಒಂದು ದೊಡ್ಡ ಚಿಪ್‌ನಲ್ಲಿತ್ತು. ಅದನ್ನು ಹೊರದೇಶದ ಕಂಪನಿಯೊಂದು ಮಾಡುತ್ತಿತ್ತು; ಅದರಿಂದ ಲೈಸೆನ್ಸ್ ಪಡೆದು ಇನ್ನೊಂದು ಕಂಪನಿಯೂ ಮಾಡುತ್ತಿತ್ತು. ಆ ಇಬ್ಬರಿಗೂ ಜಗಳ ಹತ್ತಿಕೊಂಡಿತು. ನಾವು ಕೊಟ್ಟ ಲೈಸೆನ್ಸ್ ಈ ಚಿಪ್‌ಗೆ ಅಲ್ಲ ಎಂದು ಮೊದಲನೆಯವರು, ಇದಕ್ಕೂ ಸೇರಿದೆ ಎಂದು ಎರಡನೆಯವರು, ಕೊನೆಗೆ ಕೋರ್ಟು. ಮೊದಲನೆಯವರ ಮಾಲೆಲ್ಲ ದೊಡ್ಡ ಕಾರ್ಖಾನೆಗಳ ಪಾಲಾಗಿ ನಮ್ಮಂಥವರಿಗೆ ಸಿಗದಾಯಿತು, ಎರಡನೆಯವರದು ಬರುವುದೇ ನಿಂತಿತು. ಬೆಂಗಳೂರಿನ ಅಂಗಡಿಯಲ್ಲಿ ಎರಡನೆಯವರ ಹತ್ತೇ ಹತ್ತು ಚಿಪ್ ಉಳಿದಿದ್ದವು. ಮೇಷ್ಟ್ರು ಅವನ್ನೇ ತಂದರು.

ತಕ್ಕಡಿಗಳೇನೋ ಚಿನ್ನದಂತೆ ತೂಗಿದವು. ಆದರೆ ನಮ್ಮ ತಕ್ಕಡಿಯ ಮಂಜೂರಾತಿ ಪತ್ರದಲ್ಲಿ ಚಿಪ್ ಮೊದಲನೇ ಕಂಪನಿಯದೆಂದು ಬರೆದಿತ್ತು. ತೂಕ-ಅಳತೆ ಇಲಾಖೆಯ ತಪಾಸಣೆಯವರು ಮುಚ್ಚಳ ತೆಗೆದು ನೋಡಿ ಮೊಹರು ಹಾಕಬೇಕು. ಮೊಹರಿಲ್ಲದ್ದು ಸಂಘದವರಿಗೆ ಬೇಡ.

"ಯಾವ ಸೀಮೆ ಜಗಳಾನೋ, ಬಂದು ನಮ್ಮ ಹೊಸ್ತಿಲ ಮ್ಯಾಲೆ ಕುಂತೈತೆ ಕಣಮ್ಮ," ಎಂದು ಮೇಷ್ಟ್ರು ನಕ್ಕರು. ಎರಡನೇ ಕಂಪನಿಯದನ್ನೂ ಒಪ್ಪಿಕೊಳ್ಳಿ ಎಂದು ದಿನವೂ ಇಲಾಖೆಯ ಕಚೇರಿಗೆ ಅಲೆದರು, ದಿನವೂ ಬರಿಗೈಯಲ್ಲಿ ಬಂದರು. ತಪಾಸಣೆಯ ಹಿಂದಿನ ದಿನ, ಕೊನೆಯ ಸಲ ಕೇಳಿ ಬರುತ್ತೇನೆಂದು ಹೋದವರು ಊಟದ ಡಬ್ಬಿಯನ್ನೂ ಮರೆತು ಹೋಗಿದ್ದರು.

ನಮ್ಮಲ್ಲೊಂದು ಪದ್ಧತಿಯಿತ್ತು. ತುಮಕೂರಿನಲ್ಲೊಬ್ಬ ನಮ್ಮ ತಕ್ಕಡಿ ಬಿಚ್ಚಿ, ನೋಡಿ, ಅದರಂತೆಯೇ ಮಾಡಹೊರಟಿದ್ದ. ಅಂದಿನಿಂದ ಯಾರೂ ನಕಲು ಮಾಡಬಾರದೆಂದು ಒಳಗಿನ ಸಣ್ಣಪುಟ್ಟ ಚಿಪ್‌ಗಳ ನಂಬರನ್ನೆಲ್ಲ ಉಪ್ಪುಕಾಗದದಿಂದ ಉಜ್ಜಿಬಿಡುತ್ತಿದ್ದೆವು. ಆ ಮಧ್ಯಾಹ್ನ ಉಳಿದಿಬ್ಬರು ಊಟಕ್ಕೆ ಹೋಗಿದ್ದರು. ಹತ್ತು ತಕ್ಕಡಿಗಳೂ ಬಾಯಿ ತೆರೆದುಕೊಂಡು ನನ್ನೆದುರು ಕೂತಿದ್ದವು. ತಪ್ಪು ಹೆಸರಿರುವುದಕ್ಕಿಂತ ಹೆಸರೇ ಇಲ್ಲದಿದ್ದರೆ ವಾಸಿ, ಎಲ್ಲವೂ ಒಂದೇ ಥರ ಕಂಡರೆ ಅಧಿಕಾರಿ ಸುಮ್ಮನಾದಾರು ಅನ್ನಿಸಿತು... ಕೇಳಲು ಮೇಷ್ಟ್ರಿರಲಿಲ್ಲ. ಇದ್ದರೆ ಒಪ್ಪುವವರಲ್ಲ ಎಂಬುದೂ ಗೊತ್ತಿತ್ತು. ಹತ್ತು ದೊಡ್ಡ ಚಿಪ್‌ಗಳನ್ನೂ ಉಜ್ಜಿದೆ. ಬೆರಳ ತುದಿ ಸುಲಿಯುವವರೆಗೆ ಉಜ್ಜಿದೆ.

ಸಂಜೆ ಮೇಷ್ಟ್ರು ಓಡೋಡಿ ಬಂದರು. ಕೈಯಲ್ಲೊಂದು ಕಾಗದ.

"ಒಪ್ಪಿಬುಟ್ರು ಕಣಮ್ಮ! ಎರಡ್ನೇ ಕಂಪ್ನೀದೂ ಆಯ್ತದಂತೆ. ಚಿಪ್ ಮ್ಯಾಲೆ ಅವರ ಹೆಸರು ಕಾಣುಸ್ಬೇಕು, ಅಷ್ಟೇಯ."

ನನ್ನ ಮುಖ ನೋಡಿ ಅವರೇ ತಕ್ಕಡಿಯ ಹತ್ತಿರ ಹೋದರು. ಒಂದನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಇನ್ನೊಂದನ್ನು ಹಿಡಿದರು. ಹತ್ತನ್ನೂ ನೋಡಿದರು. ಬರೀ ಬೂದು ಗೀರುಗಳು.

"ನಾನೇ ಮೇಷ್ಟ್ರೇ... ನಾನೇ ಉಜ್ಜಿಬುಟ್ಟೆ."

ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಕಾಗದವನ್ನು ಮಡಿಸಿ ಜೇಬಿಗಿಟ್ಟರು. "ಹೋಗ್ಲಿ ಬುಡು. ಯಾರ್ತಾವೂ ಹೇಳ್ಬ್ಯಾಡ," ಎಂದರು. ಮರುದಿನ ಅಧಿಕಾರಿ ಬಂದು, ನೋಡಿ, ಆಗದೆಂದು ಮೊಹರು ಹಾಕದೆ ಹೋದರು. ಬೇರೆ ಚಿಪ್ ಎಲ್ಲೂ ಸಿಗಲಿಲ್ಲ. ಎರಡು ತಿಂಗಳಲ್ಲಿ ಅಂಗಡಿ ಬಾಗಿಲು ಹಾಕಿತು. ಮೇಷ್ಟ್ರು ಪಾವಗಡದ ಕಡೆ ಹೋಗಿ ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದಾರೆಂದು ಆಮೇಲೆ ಕೇಳಿದೆ. ಹೋಗಿ ನೋಡುವ ಧೈರ್ಯ ನನಗೆ ಬರಲಿಲ್ಲ, ಹೇಡಿ ನಾನು.

ಹೋದ ವರ್ಷ ಅವರು ತೀರಿಕೊಂಡರೆಂದು ತಿಳಿದು ಮನೆಗೆ ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಅತ್ತರು. "ಆ ಎರಡು ಕಂಪ್ನಿ ಜಗಳ ನಮ್ಮನ್ನ ಮುಳುಗಿಸ್ತು ಅಂತ ಕೊನೇಗಂಟ ಅಂತಿದ್ರು ಕಣಮ್ಮ," ಎಂದರು.

ಹೌದಮ್ಮ ಎಂದು ತಲೆಯಾಡಿಸಿ ಬಂದೆ. ಮುಳುಗಿಸಿದ್ದು ಆ ಜಗಳವಲ್ಲ, ನಾನು. ಹೆಂಡತಿಗೂ ಹೇಳದೆ ಅವರು ಆ ಗುಟ್ಟನ್ನು ಕಾಪಾಡಿಕೊಂಡು ಹೋದರು.