ಹನ್ನೆರಡು ಮೊಳದ ಹಗ್ಗ

ಜಯನಗರದಲ್ಲಿ ಬಂದಿಳಿದ ದಿನ ನಾನು ಕಂಡದ್ದು ಮನೆಗಳಿಲ್ಲದ ಬೀದಿಗಳನ್ನು. ನಮ್ಮ ಗದಗಿನಲ್ಲಿ ಮನೆ ಮೊದಲು. ಓಣಿ ಆಮೇಲೆ ಅವುಗಳ ನಡುವೆ ಹೇಗೋ ದಾರಿ ಮಾಡಿಕೊಳ್ಳುತ್ತದೆ. ಇಲ್ಲಿ ರಸ್ತೆ ಮೊದಲೇ ಬಂದು ಮನೆಗಳಿಗಾಗಿ ಕಾಯುತ್ತಿತ್ತು. ಖಾಲಿ ನಿವೇಶನಗಳ ಮೂಲೆಗೊಂದು ಕಲ್ಲು, ಕಲ್ಲಿನ ಮೇಲೆ ನಂಬರು. ನನ್ನ ಹೆಂಡತಿ ಗೌರವ್ವ ಟ್ರಂಕಿನ ಮೇಲೆ ಕೂತು, "ಮಂದಿ ಎಲ್ಲಿ ಅದಾರ್ರೀ?" ಎಂದಳು.

ಕನ್ನಡನಾಡು ಒಂದಾದ ಮೇಲೆ ನನ್ನ ಗುಮಾಸ್ತಿಕೆ ಇಲ್ಲಿಗೆ ವರ್ಗವಾಗಿತ್ತು. ಯಡಿಯೂರಿನ ಬಳಿ ಒಂದು ವಠಾರದಲ್ಲಿ ಮನೆ ಸಿಕ್ಕಿತು. ವಠಾರವೆಂದರೆ ಒಂದೇ ಅಂಗಳಕ್ಕೆ ಬಾಗಿಲು ತೆರೆಯುವ ಐದಾರು ಪುಟ್ಟ ಮನೆಗಳ ಸಾಲು. ಒಡತಿ ಪುಟ್ಟಮ್ಮನವರ ಮನೆಯವರು ಮೊದಲು ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಗೌರವ್ವ ರೊಟ್ಟಿ ಬಡಿಯುವ ಸದ್ದಿಗೆ ಅವರು ಬಂದು ನೋಡಿ, "ಅಯ್ಯೋ, ಯಾರನ್ನೋ ಹೊಡೀತಿದ್ದಾರೆ ಅಂದ್ಕೊಂಡೆ ಕಣಮ್ಮ" ಎಂದು ನಕ್ಕರು. ಗೌರವ್ವ ಅವರಿಗೂ ಒಂದು ರೊಟ್ಟಿ ಕೊಟ್ಟಳು.

ನನಗೆ ಹಾಗೆ ನಗಲಾಗಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಕೇಳಿದರೆ, "ಏನ್ ಸಾರ್, ಸಕ್ಕರೆಗೆ ಬಂದ್ರಾ, ಜಗಳಕ್ಕೆ ಬಂದ್ರಾ?" ಎನ್ನುತ್ತಿದ್ದರು. ಕಚೇರಿಯಲ್ಲಿ ನಾನು ಬಾಯಿ ತೆರೆದರೆ ಪಕ್ಕದ ಮೇಜಿನವರು ನನ್ನಂತೆಯೇ ಮಾತಾಡಿ ತೋರಿಸುತ್ತಿದ್ದರು. ವರ್ಷ ಕಳೆಯುವುದರಲ್ಲಿ ನಾನು ಮಾತನ್ನೇ ಕಡಿಮೆ ಮಾಡಿದೆ.

ನಮ್ಮ ಒಬ್ಬಳೇ ಮಗಳು ಶಾಂತಾ ಮಾತ್ರ ಖಾಲಿ ನಿವೇಶನಗಳಲ್ಲಿ ಊರು ಕಂಡುಕೊಂಡಳು. ಹನ್ನೆರಡು ಮೊಳದ ಹಗ್ಗವೊಂದಕ್ಕೆ ಮೂರನೆಯ ಮೊಳಕ್ಕೊಂದು, ಏಳನೆಯದಕ್ಕೊಂದು ಗಂಟು ಹಾಕಿದ್ದಳು. ತುದಿ ಕೂಡಿಸಿ ಮೂರು ಗೂಟಕ್ಕೆ ಬಿಗಿದರೆ ಪಾಯದ ಮೂಲೆ ನೇರವಿದೆಯೋ ಇಲ್ಲವೋ ತಿಳಿಯುತ್ತಿತ್ತು. ಒಂದು ದಿನ ಮೇಸ್ತ್ರಿ ಮುನಿಯಪ್ಪ ನಮ್ಮ ಬಾಗಿಲಿಗೇ ಬಂದ.

"ಏನಮ್ಮ ನಿಮ್ ಮಗಳು! ಮೂಲೆ ಎರಡು ಬೆರಳು ಸೊಟ್ಟ ಓಡೈತೆ ಅಂತ ಆಳುಗಳ ಮುಂದೇನೇ ಮಾನ ಕಳೆದ್ಳು. ಅಳೆದು ನೋಡಿದ್ರೆ ನಿಜಾನೇ!"

ಓದು ಬಾರದ ಗೌರವ್ವ ಆ ಮಾತನ್ನು ಓಣಿಗೆಲ್ಲ ಹೇಳಿದಳು. "ನನ್ನ ಮಗಳು ಮನಿ ಕಟ್ಟಸುವಾಕಿ ಆಗ್ತಾಳ ನೋಡ್ರಿ."

ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಮುನ್ನ ಮಕ್ಕಳು ಗಣಿತ-ವಿಜ್ಞಾನವನ್ನೋ ಗೃಹವಿಜ್ಞಾನವನ್ನೋ ಆರಿಸಿಕೊಳ್ಳಬೇಕು. ಇಲ್ಲಿ ಅದಕ್ಕೆ ಆಪ್ಷನಲ್ ಎನ್ನುತ್ತಾರೆ. ಗಣಿತದ ಟೀಚರು ನನ್ನನ್ನು ಬರಹೇಳಿದರು. ಗೌರವ್ವ ಬೆಳಿಗ್ಗೆಯೇ ನನ್ನ ಅಂಗಿಗೆ ಇಸ್ತ್ರಿ ಮಾಡಿಸಿಟ್ಟಳು.

ನಾನು ಹೋಗಲಿಲ್ಲ. ಅಷ್ಟು ಜನ ಓದಿದವರ ಮುಂದೆ ಮಾತಾಡಲು ನಾಚಿಕೆಯಾಯಿತು. ಖಾಲಿ ಅರ್ಜಿಗೆ ರುಜು ಹಾಕಿ, ತಮ್ಮ ಮಗಳಿಗಾಗಿ ಹೊರಟಿದ್ದ ಪುಟ್ಟಮ್ಮನವರ ಕೈಗೆ ಕೊಟ್ಟೆ. ಸಂಜೆಯವರೆಗೆ ಯಡಿಯೂರು ಕೆರೆ ಏರಿಯ ಮೇಲೆ ಕೂತಿದ್ದೆ. ಪುಟ್ಟಮ್ಮ ಅಲ್ಲಿಯೇ ಎದುರಾದರು. "ಇಬ್ರೂ ಒಟ್ಟಿಗೆ ಹೋಗ್ಬರ್ಲಿ ಅಂತ ಎರಡಕ್ಕೂ ಗೃಹವಿಜ್ಞಾನಾನೇ ಬರೆಸ್ದೆ ಸಾರ್. ಹೆಣ್ಮಕ್ಳಿಗೆ ಅದೇ ಸರಿ." ತಪ್ಪು ಅವರದಲ್ಲ.

ಮನೆಗೆ ಬಂದಾಗ ಗೌರವ್ವ, "ಅಕ್ಕೋರು ಏನಂದ್ರು?" ಎಂದಳು. ಟೀಚರಿಗೆ ನಮ್ಮ ಕಡೆ ಅಕ್ಕೋರು ಎನ್ನುವುದು.

"ಲೆಕ್ಕ ಅಷ್ಟಕ್ಕಷ್ಟೇ ಅಂತ. ಗೃಹವಿಜ್ಞಾನನಽ ಚಲೋ ಅಂದ್ರು" ಎಂದೆ.

ಶಾಂತಾ ಲಾಟೀನಿನ ಗಾಜು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಗೌರವ್ವ, "ಅಕ್ಕೋರು ಹೇಳ್ಯಾರಂದ್ರ ಖರೇನಽ ಇರಬೇಕು. ಹಗ್ಗ ಸುತ್ತಿಡವಾ" ಎಂದಳು. ಮಗಳು ಸುತ್ತಿಟ್ಟಳು.

ಮರುವರ್ಷ ಗೌರವ್ವ ಜ್ವರದಲ್ಲಿ ಹೋದಳು. ಕೊನೆಯವರೆಗೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ದಿನಕರ್ಮ ಮುಗಿದ ಮೇಲೆ ಅವಳ ಟ್ರಂಕು ತೆಗೆದರೆ, ಒಂದು ಹೊಸ ಕುಪ್ಪಸದ ಖಣದಲ್ಲಿ ಸುತ್ತಿಟ್ಟ ಆ ಹಗ್ಗವಿತ್ತು. ಅಕ್ಕೋರ ಮಾತನ್ನು ನಂಬಿದ್ದರೂ ಅವಳು ಅದನ್ನು ಎಸೆದಿರಲಿಲ್ಲ.

ಮರುದಿನ ಮಗಳ ಜೊತೆ ಶಾಲೆಗೆ ಹೋದೆ. ಗಣಿತದ ಟೀಚರು, "ಹೋದ ವರ್ಷ ಯಾಕೆ ಬರ್ಲಿಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಶಾಂತಾ, "ಅಪ್ಪಂಗೆ ರಜಾ ಸಿಗ್ಲಿಲ್ಲ, ಮೇಡಂ" ಎಂದಳು.

"ಸುಳ್ಳರೀ. ನನ್ನ ಮಾತಿಗೆ ನಗತಾರಂತ ಅಂಜಿ ಬರಲಿಲ್ಲ" ಎಂದೆ.

ಅವರು ನಗಲಿಲ್ಲ. "ಅವತ್ತು ಐದು ಗಂಟೆವರೆಗೂ ಕಾದ್ವಿ. ಇವಳು ಗೇಟ್ ಹತ್ರ ನಿಂತೇ ಇದ್ಲು. ಈಗ ಬದಲಾಯಿಸಿದ್ರೆ ಒಂಬತ್ತನೇ ಕ್ಲಾಸು ಮತ್ತೆ ಓದ್ಬೇಕಾಗತ್ತೆ. ಏನಮ್ಮ, ಓದ್ತೀಯಾ?"

ನಾನು ಮಗಳ ಕಡೆ ನೋಡಿದೆ. ಪ್ರಶ್ನೆ ನನ್ನದಾಗಿರಲಿಲ್ಲ.

"ಓದ್ತೀನಿ, ಮೇಡಂ" ಎಂದಳು ಶಾಂತಾ.

ಅವಳು ತನ್ನ ಕೈಯಿಂದಲೇ ಅರ್ಜಿ ತುಂಬಿದಳು. ಪೂರ್ತಿ ಓದಿದ ಮೇಲೆ ರುಜು ಮಾಡಿದೆ.

ಇನ್ನಾದರೂ ವರ್ಗ ಮಾಡಿಸಿಕೊಂಡು ಬಾ ಎಂದು ಗದಗಿನಿಂದ ನೀವೆಲ್ಲ ಕಾಗದ ಬರೆಯುತ್ತೀರಿ. ರೊಟ್ಟಿಯ ಸದ್ದಿಲ್ಲದ ಈ ಮನೆಯಲ್ಲಿ ನನಗೂ ಆಸೆಯಾಗುತ್ತದೆ. ಆದರೆ ಅಲ್ಲಿಗೆ ಬಂದರೆ ನೀವು ನನ್ನನ್ನು ಗೌರವ್ವ ನಂಬಿದ್ದ ಮನುಷ್ಯನೆಂದೇ ಕರೆದು ಕೂರಿಸುತ್ತೀರಿ. ಇಲ್ಲಿ ಒಬ್ಬಳಿಗೆ ನಿಜ ಗೊತ್ತು. ಸಂಜೆ ಮುನಿಯಪ್ಪನ ಹೊಸ ಪಾಯದ ಹತ್ತಿರ ಅವಳು ಹಗ್ಗದ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊಳ್ಳಿ ಅಪ್ಪ, ಅಲ್ಲಾಡ್ಬೇಡಿ" ಎನ್ನುತ್ತಾಳೆ. ಹಿಡಿದು ನಿಲ್ಲುತ್ತೇನೆ.