ಸೌಮ್ಯಳ ಬಾಯಾರಿಕೆ

ಕೊರೊನಾ ತಣ್ಣಗಾದ ಮರುವರ್ಷ ನಾನು ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು. ಬಾಣಂತಿಯರ ಮನೆಗೆ ಹೋಗಿ ತಾಯಿ, ಮಗುವನ್ನು ನೋಡಿ ಬರುವುದು ನನಗೆ ಬಲು ಇಷ್ಟದ ಕೆಲಸ. ಆ ಕೋಣೆಗಳಲ್ಲಿ ಹೊತ್ತು ನಿಧಾನವಾಗುತ್ತದೆ. ಸಾಂಬ್ರಾಣಿ ಹೊಗೆ, ಎಳೆಮೈಯ ಎಣ್ಣೆ ವಾಸನೆ, ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲು. ನಾನೂ ಅಲ್ಲೇ ಮಗ್ಗುಲಾಗಿ ಮಲಗಿಬಿಡೋಣ ಅನ್ನಿಸುತ್ತಿತ್ತು.

ಸೌಮ್ಯಳ ಕೋಣೆಯಲ್ಲೂ ಹಾಗೇ ಅನ್ನಿಸಿತು, ಮಗುವನ್ನು ತೂಕಕ್ಕೆ ಹಾಕುವವರೆಗೆ. ಮಳವಳ್ಳಿ ಕಡೆಗೆ ಕೊಟ್ಟಿದ್ದ ಹುಡುಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹುಟ್ಟಿದಾಗ ಎರಡು ಕಿಲೋ ಎಂಟುನೂರು ಗ್ರಾಂ ಇದ್ದ ಹೆಣ್ಣುಮಗು ಐದನೆಯ ದಿನ ಎರಡೂವರೆ ಕಿಲೋಗೆ ಇಳಿದಿತ್ತು. ಮೊದಲ ದಿನಗಳಲ್ಲಿ ಮಗು ತುಸು ಇಳಿಯುವುದು ಸಹಜ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಇಳಿದರೆ ನಾವು ಹುಷಾರಾಗಬೇಕು. ಮಗು ಗಟ್ಟಿಯಾಗಿ ಅಳುತ್ತಲೂ ಇರಲಿಲ್ಲ.

"ಇವ್ಳಿಗೆ ಆಲೇ ಇಲ್ಲ ಕಣಮ್ಮ," ಅಂದರು ಸೌಮ್ಯಳ ತಾಯಿ ಪುಟ್ಟತಾಯಮ್ಮ. "ಸಕ್ರೆ ನೀರು ಕುಡುಸ್ತಾ ಇವ್ನಿ. ನಾಳೀಕೆ ಭಾರತೀನಗರಕ್ಕೋಗಿ ಡಬ್ಬಿ ಆಲು ತತ್ತೀನಿ."

ಸೌಮ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ನೀರು ಕುಡಿದೆಯಾ ಎಂದು ಕೇಳಿದೆ. ಅವಳು ತಾಯಿಯತ್ತ ಒಮ್ಮೆ ನೋಡಿ, "ಮಾತ್ರೆ ನುಂಗಕ್ಕೆ ಒಂದು ಗುಟುಕು ಕೊಟ್ರು ಮೇಡಂ," ಎಂದಳು.

ಬಾಣಂತಿಗೆ ನೀರು ಕೊಡಲು ನಮ್ಮ ಕಡೆ ಈಗಲೂ ಹೆದರುವವರಿದ್ದಾರೆ. ಹೊಟ್ಟೆ ಜೋಲು ಬೀಳುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ಭಯ. ಪ್ರೀತಿಯಿಂದ ಮಾಡಿಸುವ ಪಥ್ಯವಾದ್ದರಿಂದ ಅದರ ಜೊತೆ ಜಗಳವಾಡುವುದು ಕಷ್ಟ. ನನಗೋ ಮೂಗಿನ ತುದಿಯಲ್ಲೇ ಕೋಪ. ಅದನ್ನು ನುಂಗಿಕೊಂಡು ಡಾಕ್ಟರಿಗೆ ಫೋನ್ ಮಾಡಿದೆ. ಸಕ್ಕರೆ ನೀರು ನಿಲ್ಲಿಸಿ, ಮಗುವನ್ನು ಎಬ್ಬಿಸಿ ಎಬ್ಬಿಸಿ ಎದೆಗೆ ಹಾಕಿಸಿ, ಉಳಿದ ಹಾಲು ಹಿಂಡಿ ಒಳಲೆ ಬಟ್ಟಲಲ್ಲಿ ಕುಡಿಸಿ ಎಂದರು. ಬೆಳಿಗ್ಗೆಯೊಳಗೆ ತೂಕ ಏರದಿದ್ದರೆ, ಇಲ್ಲವೇ ಮಗು ಇನ್ನಷ್ಟು ಮಂಕಾದರೆ, ಮಂಡ್ಯದ ಆಸ್ಪತ್ರೆಗೆ ಸೇರಿಸಲೇಬೇಕಿತ್ತು.

ಪುಟ್ಟತಾಯಮ್ಮನವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಸಕ್ಕರೆ ನೀರು ಕುಡಿದ ಮಗು ಎದೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಊರುವುದಿಲ್ಲ. ಮೊದಲ ದಿನಗಳ ಹಳದಿ ಹಾಲು ಭೇದಿ, ನ್ಯುಮೋನಿಯಾಗಳಿಂದ ಮಗುವನ್ನು ಕಾಯುತ್ತದೆ. ಮಗು ಚೀಪುವಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಹೊರಟು ಗರ್ಭಕೋಶ ಕುಗ್ಗುತ್ತದೆ, ರಕ್ತಸ್ರಾವ ತಗ್ಗುತ್ತದೆ. ಮುಂದೆ ಸ್ತನ ಕ್ಯಾನ್ಸರಿನ ಅಪಾಯವೂ ಕಡಿಮೆ. ಅವರು ರೇಡಿಯೊ ಕೇಳುವಂತೆ ಕೇಳಿಸಿಕೊಂಡು ಎದ್ದರು. "ಒತ್ತಾಯ್ತು ನರ್ಸಮ್ಮ, ಗೌರಿ ಕೂಗ್ತಾವ್ಳೆ."

ಗೌರಿ ಅವರ ಹಸು, ಕರು ಹಾಕಿ ಹೆಚ್ಚು ದಿನವಾಗಿರಲಿಲ್ಲ. ಮಾತು ಮುಂದುವರಿಸಲು ನಾನೂ ಕೊಟ್ಟಿಗೆಗೆ ಹೋದೆ. ಹಿಂದುಗಡೆ ಕಬ್ಬಿನ ತುದಿಯ ಸೂಲಂಗಿ ಹೂ ಸಂಜೆ ಬಿಸಿಲಲ್ಲಿ ಬೆಳ್ಳಗೆ ತೂಗುತ್ತಿತ್ತು. ಪುಟ್ಟತಾಯಮ್ಮ ಬೆಚ್ಚಗಿನ ನೀರಿಗೆ ಬೂಸಾ ಕಲಸಿ ಇಟ್ಟರು. ಗೌರಿ ಕಣ್ಣು ಮುಚ್ಚಿ ಹೀರಿತು. ಇನ್ನೊಂದು ಬಕೆಟ್ ತಂದಾಗ ಅವರ ಯಜಮಾನರು, "ಸಾಕು ಬುಡಮ್ಮಿ, ಎಷ್ಟ್ ಕುಡುಸೀಯೆ," ಅಂದರು.

"ಸುಮ್ಕಿರಿ ನೀವು. ಆಲು ಕೊಡೋ ಜೀವಕ್ಕೆ ನೀರ್ನ ಅಳ್ದು ಕೊಟ್ಟಾರಾ?"

ಹೇಳಿದವರು ಕರುವಿನ ಹಗ್ಗ ಬಿಚ್ಚಲು ಬಗ್ಗಿದರು. ಕೈ ಹಗ್ಗದ ಮೇಲೇ ನಿಂತಿತು. ನನ್ನನ್ನು ನೋಡಿದರು. ಅರ್ಧ ಬಿಚ್ಚಿದ ಹಗ್ಗವನ್ನು ಕರು ತಾನೇ ಜಗ್ಗಿಕೊಂಡು ಹೋಗಿ ಕೆಚ್ಚಲಿಗೆ ಗುಮ್ಮಿತು, ಗೌರಿ ಹಾಲು ಇಳಿಸಿತು.

"ಥೂ, ನನ್ ಬುದ್ಧಿಗಿಷ್ಟು," ಎಂದು ಪುಟ್ಟತಾಯಮ್ಮ ಹಾಲು ಕರೆಯುವುದನ್ನೂ ಬಿಟ್ಟು ಒಳಗೆ ಓಡಿದರು.

ಚೊಂಬಿನ ತುಂಬ ಬೆಚ್ಚಗಿನ ನೀರು ತಂದು ಮಗಳ ಕೈಗೆ ಕೊಟ್ಟರು. ಸೌಮ್ಯ ಉಸಿರು ಬಿಡದೆ ಕುಡಿದಳು. ನೀರು ಗದ್ದದಿಂದ ಕುತ್ತಿಗೆಗೆ ಹರಿಯಿತು. "ಇನ್ನೊಸಿ ಕೊಡವ್ವ," ಎಂದಳು. ಅವ್ವನ ಕಣ್ಣಲ್ಲಿ ನೀರು. ನನಗೂ ತಡೆಯಲಾಗಲಿಲ್ಲ, ಕನ್ನಡಕ ಒರೆಸುವ ನೆಪ ಮಾಡಿದೆ. ಮಗುವಿನ ಬಟ್ಟೆ ತೆಗೆದು ತಾಯಿಯ ಬರಿಮೈಗೆ ಒರಗಿಸಿ, ಅಂಗಾಲು ಸವರಿ ಎಬ್ಬಿಸಿದೆವು. ಮೊದಲು ಬಾಯಿ ಜಾರಿತು. ಆಮೇಲೆ ಹಿಡಿಯಿತು. ಮೂವರು ಹೆಂಗಸರೂ ಕಿವಿಗೊಟ್ಟು ಕೂತಿದ್ದಾಗ, ಮಗು ಹಾಲು ನುಂಗುವ ಸಣ್ಣ ಸದ್ದು ಕೇಳಿಸಿತು. ಅಷ್ಟು ಇಂಪಾದದ್ದನ್ನು ನಾನು ಬೇರೆ ಕೇಳಿಲ್ಲ.

ಬೆಳಿಗ್ಗೆ ತೂಕ ನಲವತ್ತು ಗ್ರಾಂ ಏರಿತ್ತು. ಆಸ್ಪತ್ರೆಯ ದಾರಿಯೂ ಡಬ್ಬಿ ಹಾಲೂ ತಪ್ಪಿದವು.

ಅಂದಿನಿಂದ ಯಾವ ಬಾಣಂತಿಯ ಮನೆಗೆ ಹೋದರೂ, ಮಗುವಿಗೆ ಹಾಲು ಸಾಲುತ್ತದೆಯೇ ಎಂದು ಕೇಳುವ ಮೊದಲು ತಾಯಿಗೆ ನೀರು ಕೊಟ್ಟಿರಾ ಎಂದು ಕೇಳುತ್ತಿದ್ದೆ. ತಾಯಿಯನ್ನು ನೋಡಿಕೊಳ್ಳುವ ಕೈಯನ್ನು ಒಲಿಸಿಕೊಳ್ಳದೆ ಮಗುವನ್ನು ಕಾಯಲಾಗದು ಎಂಬುದನ್ನು ಕೆಲಸ ನನಗೆ ಕಲಿಸಿತು.

ಮುಂದಿನ ವಾರ ತಕ್ಕಡಿ ಹಿಡಿದು ಮತ್ತೆ ಹೋದೆ. ಬಾಗಿಲಲ್ಲೇ ಪುಟ್ಟತಾಯಮ್ಮ ತುಟಿಗೆ ಬೆರಳಿಟ್ಟರು. ಒಳಗೆ ಬಿಸಿಲಕೋಲಿನ ಕೆಳಗೆ ತಾಯಿ, ಮಗು ಮಲಗಿದ್ದರು. ಮಗುವಿನ ತುಟಿಯಂಚಿನಲ್ಲಿ ಹಾಲು, ತಾಯಿಯ ತಲೆದೆಸೆಯಲ್ಲಿ ತುಂಬಿದ ಚೊಂಬು.

"ಈಗ ತೂಗ್ಬ್ಯಾಡಿ ನರ್ಸಮ್ಮ," ಎಂದು ಪಿಸುಗುಟ್ಟಿದರು. "ಎದ್ಮೇಲೆ ತೂಗೀರಂತೆ. ಬನ್ನಿ, ಮೊದ್ಲು ನೀವೊಸಿ ನೀರು ಕುಡೀರಿ."